ಮೊದಲೇ ಹೇಳಿಕೊಟ್ಟ ಪಾಠ

ಆ ಪ್ರೌಢಶಾಲೆಯ ಗಣಿತ ವಿಭಾಗಕ್ಕೆ ಒಂದೇ ಉದ್ದನೆಯ ಹಜಾರ. ಮುಖ್ಯ ಬಾಗಿಲಿನ ಕಡೆಯ ಕೋಣೆಗಳಲ್ಲಿ ಒಂಬತ್ತನೆಯ ತರಗತಿಯ ಬೀಜಗಣಿತ ನಡೆಯುತ್ತಿತ್ತು. ಹಜಾರದ ತುದಿಯಲ್ಲಿ, ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಕೋಣೆಗೆ ಅಂಟಿಕೊಂಡ ಕೊಠಡಿಯಲ್ಲಿ, ಅದೇ ತರಗತಿಯ ಉಳಿದ ಮಕ್ಕಳಿಗೆ ‘ಮೂಲ ಗಣಿತ’ ಎಂಬ ಪಾಠ. ಆ ಊರಿನ ಶಾಲೆಗಳನ್ನೆಲ್ಲ ನಡೆಸುವ ಶಾಲಾ ಜಿಲ್ಲೆಯ ಪಠ್ಯಕ್ರಮ ಸಂಯೋಜಕಿಯಾಗಿ ಸೇರಿದ ಹೊಸತರಲ್ಲಿ ಒಂದು ಬೆಳಗ್ಗೆ ನಾನು ಆ ಹಜಾರದಲ್ಲಿ ಬಾಗಿಲ ಗಾಜುಗಳಿಂದ ಒಳಗೆ ನೋಡುತ್ತ ನಡೆದೆ. ನಡೆದಂತೆ ಮುಖಗಳು ಬದಲಾದವು. ಮೊದಲ ಕೋಣೆಗಳಲ್ಲಿ ಬಿಳಿಯ ಮಕ್ಕಳು, ಚೀನೀ ಮಕ್ಕಳು, ನಮ್ಮ ಕಡೆಯ ಮಕ್ಕಳು. ಕೊನೆಯದರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಪ್ಪು ವರ್ಣೀಯರು. ಹೀಗೆಯೇ ಇರಬೇಕೆಂದು ಎಲ್ಲಿಯೂ ನಿಯಮವಿರಲಿಲ್ಲ. ನಿಯಮವಿದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ನಿಯಮದ ವಿರುದ್ಧ ವಾದ ಹೂಡುವುದು ನನಗೆ ಗೊತ್ತಿದ್ದ ವಿದ್ಯೆ.

ಆರ್ಥಿಕ ಹಿಂಜರಿತದ ಅತ್ಯಂತ ಕಠಿಣ ಚಳಿಗಾಲವದು. ಡೆಟ್ರಾಯಿಟ್ ಸುತ್ತಲಿನ ಮೋಟಾರು ಕಾರ್ಖಾನೆಗಳು ಒಂದೊಂದಾಗಿ ಪಾಳಿಗಳನ್ನು ನಿಲ್ಲಿಸುತ್ತಿದ್ದವು. ಉಪನಗರಗಳಲ್ಲಿ ಮನೆಗಳ ಬೆಲೆ ಬಿದ್ದಿತ್ತು, ಬಾಡಿಗೆಯೂ ಇಳಿದಿತ್ತು. ನಗರದಲ್ಲಿ ಶಾಲೆಗಳು ಮುಚ್ಚುತ್ತಿದ್ದುದರಿಂದ ಕಪ್ಪು ವರ್ಣೀಯ ಕುಟುಂಬಗಳು ನಮ್ಮ ಜಿಲ್ಲೆಗೆ ಬರತೊಡಗಿದ್ದವು. ನಾನು ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಪ್ರತಿದಿನ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದ ಆ ಜಿಲ್ಲೆಯ ಹೆಸರು ಇಲ್ಲಿ ಬೇಡ. ಅಂಥ ಜಿಲ್ಲೆಗಳು ಬಹಳ ಇದ್ದವು.

ಮಕ್ಕಳು ಕೊನೆಯ ಕೋಣೆ ಸೇರುವ ಬಗೆ ಅರ್ಥವಾಗಲು ನನಗೆ ಕೆಲವು ವಾರ ಬೇಕಾಯಿತು. ಎಂಟನೆಯ ತರಗತಿಯ ಗಣಿತದ ಅಧ್ಯಾಪಕರು ಯಾರಿಗೆ ಶಿಫಾರಸು ಮಾಡುತ್ತಾರೋ ಅವರು ಬೀಜಗಣಿತಕ್ಕೆ. ವರ್ಷದ ನಡುವೆ ಬೇರೆ ಊರಿನಿಂದ ಬಂದ ಮಗುವಿಗೆ ಶಿಫಾರಸು ಇರುವುದಿಲ್ಲ. ಶಿಫಾರಸು ಇಲ್ಲದವರು ತಂತಾನೇ ಮೂಲ ಗಣಿತಕ್ಕೆ. ಯಾರೂ ಪರೀಕ್ಷಿಸುತ್ತಿರಲಿಲ್ಲ, ಕೇಳುತ್ತಿರಲಿಲ್ಲ. ಇದನ್ನು ತಪ್ಪಿಸಿಕೊಳ್ಳಲು ಒಂದು ದಾರಿಯಿತ್ತು: ಮಾರ್ಚ್ ಮೊದಲ ವಾರದೊಳಗೆ ಪೋಷಕರು ಮಕ್ಕಳ ಪಾಠ ಗೊತ್ತುಮಾಡುವ ಕೌನ್ಸಿಲರ್‌ಗೆ ಫೋನ್ ಮಾಡಿ ಕೇಳಿದರೆ ಮಗುವನ್ನು ಮೇಲಿನ ಪಾಠಕ್ಕೆ ಹಾಕಲೇಬೇಕು. ಈ ಸಂಗತಿ ನಮ್ಮ ಕನ್ನಡದ ಮನೆಗಳಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದ ತಟ್ಟೆಯೊಂದಿಗೆ ಕೈಯಿಂದ ಕೈಗೆ ದಾಟುತ್ತಿತ್ತು. ಆ ಊಟಕ್ಕೆ ಡೆಟ್ರಾಯಿಟ್‌ನಿಂದ ಬಂದವರನ್ನು ಯಾರೂ ಕರೆದಿರಲಿಲ್ಲ.

ಹೀಗೆ ಸಿಕ್ಕಿಬಿದ್ದವಳು ಒಬ್ಬ ಎಂಟನೆಯ ತರಗತಿಯ ಹುಡುಗಿ. ಅವಳ ತಾಯಿ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತಂತ್ರಜ್ಞೆ. ಹುಡುಗಿ ನಗರದ ಹಳೆಯ ಶಾಲೆಯಲ್ಲಿ ಆಗಲೇ ಬೀಜಗಣಿತದ ಅರ್ಧ ಓದಿಯಾಗಿತ್ತು. ಆ ಶಾಲೆ ಮುಚ್ಚಿತು, ಅವಳ ಕಡತ ಬರಲಿಲ್ಲ, ಶಿಫಾರಸೂ ಇಲ್ಲ. ತಾಯಿ ನನ್ನ ಕಚೇರಿಗೆ ಬಂದಾಗ ಮಾರ್ಚ್ ನಡುಭಾಗ. ಫೋನ್ ಮಾಡುವ ಗಡುವು ಮುಗಿದಿತ್ತು. ನಮ್ಮ ಮಾತು ನಡೆದದ್ದು ಇಂಗ್ಲಿಷಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅವಳಿಗೆ ಎಂಜಿನಿಯರ್ ಆಗಬೇಕಂತೆ,” ಎಂದರು. “ನಾನು ಲೆಕ್ಕ ಹಾಕಿ ನೋಡಿದೆ ಮಿಸ್. ಒಂಬತ್ತರಲ್ಲಿ ಬೀಜಗಣಿತ ಇಲ್ಲ ಅಂದ್ರೆ ಹನ್ನೆರಡರಲ್ಲಿ ಕ್ಯಾಲ್ಕುಲಸ್ ಇಲ್ಲ. ಹದಿಮೂರು ವರ್ಷದ ಮಗುವಿಗೆ ಆಗಲೇ ಇಲ್ಲ ಅಂದುಬಿಟ್ರಾ?”

ನನ್ನ ಪ್ರಸ್ತಾವ ಆಗಲೇ ಸಿದ್ಧವಿತ್ತು, ಸರಳವೂ ಆಗಿತ್ತು. ಮೂಲ ಗಣಿತವನ್ನು ಸಂಪೂರ್ಣವಾಗಿ ಮುಚ್ಚುವುದು. ಒಂಬತ್ತನೆಯ ತರಗತಿಯ ಪ್ರತಿಯೊಬ್ಬರಿಗೂ ಬೀಜಗಣಿತ. ಹಿಂದುಳಿದವರಿಗೆ ಸ್ವಂತ ಓದಿಗೆಂದು ಬಿಡುವ ಸ್ಟಡಿ ಹಾಲ್‌ನ ಸಮಯದಲ್ಲಿ ಅದೇ ಅಧ್ಯಾಪಕರಿಂದ ಅದೇ ಪಾಠದ ಇನ್ನೊಂದು ಗಂಟೆ. ಹೊಸ ನೇಮಕವಿಲ್ಲ, ಹೊಸ ಪುಸ್ತಕವಿಲ್ಲ. ಮೇ ತಿಂಗಳೊಳಗೆ ಶಾಲಾ ಮಂಡಳಿ ಒಪ್ಪಿದರೆ ಸೆಪ್ಟೆಂಬರ್‌ನಿಂದ ಜಾರಿ; ಇಲ್ಲವಾದರೆ ಆ ಹುಡುಗಿ, ಅವಳಂಥ ಉಳಿದವರು, ಬಾಯ್ಲರ್ ಕೋಣೆಯ ಪಕ್ಕಕ್ಕೆ.

ಮಾರ್ಚ್ ಕೊನೆಯ ವಾರ ಮಂಡಳಿಯ ಮೊದಲ ಸಾರ್ವಜನಿಕ ಸಭೆ. ವಿರೋಧದ ಮುಂದಾಳು ನಮ್ಮವರೇ: ಹುಬ್ಬಳ್ಳಿಯ ಕಡೆಯ ಎಂಜಿನಿಯರ್, ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಉತ್ಪಾದನೆಯ ವೇಳಾಪಟ್ಟಿ ಹಾಕುತ್ತಿದ್ದವರು, ಜನವರಿಯಲ್ಲಿ ಕೆಲಸ ಕಳೆದುಕೊಂಡಿದ್ದರು. ಪ್ರತಿ ಭಾನುವಾರ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕನ್ನಡದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರಿಂದ ಹಿರಿಯರು ಕಿರಿಯರೆನ್ನದೆ ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು. ಅವರ ಮಗನೂ ಎಂಟನೆಯ ತರಗತಿಯಲ್ಲಿದ್ದ.

ಅಂಕಲ್ ಮೈಕಿನ ಮುಂದೆ ನಿಂತು, ಯಾರ ಮೇಲೂ ತಮಗೆ ದ್ವೇಷವಿಲ್ಲವೆಂದರು. ಓಡುವವರನ್ನೂ ನಡೆಯುವವರನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ಓಡುವವನೂ ನಡೆಯುತ್ತಾನೆ ಎಂದರು. ‘ಡೆಟ್ರಾಯಿಟ್ ಮಕ್ಕಳು’ ಎಂಬ ಮಾತು ಬಂತು. ಅಂದು ಯಾರೂ ಬಣ್ಣದ ಹೆಸರೆತ್ತಲಿಲ್ಲ. ಆ ಎರಡು ಪದಗಳೇ ಸಾಕಾಗಿದ್ದವು. ‘ಪ್ರತಿಭೆ’ ಎಂಬ ಪದವನ್ನೂ ಬಳಸಿದರು. ಮೈಸೂರಿನ ಕಾಲೇಜಿನಲ್ಲಿ ಮೀಸಲಾತಿಯ ಬಗ್ಗೆ ಪರವಾಗಿಯೂ ವಿರೋಧವಾಗಿಯೂ ಚರ್ಚಾಸ್ಪರ್ಧೆಗಳಲ್ಲಿ ಮಾತನಾಡಿದ್ದ ನನಗೆ ಆ ಪದ ಎಲ್ಲಿಂದ ಹೊರಟು ಎಲ್ಲಿ ತಲುಪುತ್ತದೆಂದು ಚೆನ್ನಾಗಿ ಗೊತ್ತಿತ್ತು.

ನಾನೆದ್ದು ಅವರ ವಾದವನ್ನು ಬಿಡಿಬಿಡಿಯಾಗಿ ಕಳಚಿಟ್ಟೆ. ಓಡುವವರು ಯಾರೆಂದು ಅಳೆದವರು ಯಾರು? ಅಳತೆಯೇ ಆಗದ ಮಗುವನ್ನು ನಡೆಯುವವನೆಂದು ಕರೆದದ್ದು ಯಾವ ತರ್ಕ? ಕೊನೆಗೆ ಅವರ ಕಡೆ ತಿರುಗಿ ಕೇಳಿದೆ: “ಕೌನ್ಸಿಲರ್‌ಗೆ ಫೋನ್ ಮಾಡಬೇಕೆಂದು ನೀವು ನಿಮ್ಮ ಪರಿಚಯದ ಎಷ್ಟು ಮನೆಗಳಿಗೆ ಹೇಳಿಕೊಟ್ಟಿದ್ದೀರಿ? ಆ ಮನೆಗಳಲ್ಲಿ ಕಪ್ಪು ವರ್ಣೀಯರದು ಎಷ್ಟು?” ಸಭಾಂಗಣದ ಅರ್ಧ ಭಾಗ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಂಕಲ್ ಮುಖ ಕೆಂಪಾಗಿ ಕುಳಿತರು. ಅವರ ಹಿಂದಿನ ಸಾಲುಗಳಲ್ಲಿದ್ದ ನಮ್ಮವರು, ಅದುವರೆಗೆ ಎರಡು ಮನಸ್ಸಿನಲ್ಲಿದ್ದವರು ಕೂಡ, ಕೈಕಟ್ಟಿ ಕುಳಿತದ್ದನ್ನು ನಾನು ಗಮನಿಸಲಿಲ್ಲ. ಮಂಡಳಿ ಗಮನಿಸಿತು. ಸಮುದಾಯ ಒಡೆದಿದೆ ಎಂಬ ಕಾರಣ ನೀಡಿ ನಿರ್ಣಯವನ್ನು ಮೇ ತಿಂಗಳಿಗೆ ಮುಂದೂಡಿತು.

ಪಾರ್ಕಿಂಗ್ ಜಾಗದಲ್ಲಿ ಹುಡುಗಿಯ ತಾಯಿ ನನಗಾಗಿ ಕಾಯುತ್ತಿದ್ದರು.

“ಚೆನ್ನಾಗಿ ಮಾತಾಡಿದ್ರಿ ಮಿಸ್. ಆ ಮನುಷ್ಯನಿಗೆ ಮಾತೇ ಹೊರಡಲಿಲ್ಲ. ಈಗ ಹೇಳಿ, ಸೆಪ್ಟೆಂಬರ್‌ನಲ್ಲಿ ನನ್ನ ಮಗಳು ಯಾವ ಕೋಣೆಗೆ ಹೋಗ್ತಾಳೆ?”

ನಾನು ಚೀಲದಲ್ಲಿ ಕಾರಿನ ಕೀಲಿ ಹುಡುಕತೊಡಗಿದೆ.

ಮುಂದಿನ ವಾರಾಂತ್ಯ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಕನ್ನಡ ಮನೆಗಳ ಯುಗಾದಿ ಕೂಟ. ಬಾಡಿಗೆಗೆ ಹಿಡಿದ ಊಟದ ಹಾಲ್. ಬೇವು ಬೆಲ್ಲದ ತಟ್ಟೆಯ ಬಳಿ ಅಂಕಲ್ ನಿಂತಿದ್ದರು.

“ಬರ್ರಿ, ಬರ್ರಿ, ವಕೀಲ್ರು ಬಂದ್ರು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. “ನಮಗ ಬೇವು ಆವತ್ತ ಕೊಟ್ಟಾರ. ಇವತ್ತ ಬೆಲ್ಲ ಅಷ್ಟ ತಿಂತೀವಿ.”

ಸುತ್ತಲಿದ್ದವರು ನಕ್ಕರು. ಅವರ ಹೆಂಡತಿ, ನಾವೆಲ್ಲ ಆಂಟಿ ಎನ್ನುವವರು, ನಗಲಿಲ್ಲ. “ಆಕಿ ಸುಳ್ಳ ಏನ್ ಕೇಳ್ಯಾಳ್ರೀ? ನೀವು ಮನಿಮನಿಗೆ ಫೋನ್ ಮಾಡಿ ಹೇಳಿದ್ದು ಖರೇನ ಐತಲ್ಲ?”

“ಖರೇ ಐತಿ. ಆದ್ರ ಮಂದಿ ಮುಂದ ಕೇಳೂ ಮಾತ ಅಲ್ಲ ಅದು.” ಅಂಕಲ್ ನನ್ನ ಕಡೆ ತಿರುಗಿದರು. ತಮಾಷೆ ಮುಗಿದಿತ್ತು. “ನೋಡ ತಂಗಿ. ಎಲ್ಲಾರೂ ಒಂದ ಕ್ಲಾಸ್‌ನ್ಯಾಗ ಕುಂತು, ಮುಂದಿನ ಹುಡುಗ್ರು ಹಿಂದ ಬೀಳದ ಇರೋ ಸಾಲಿ ಒಂದ ತೋರ್ಸು. ಒಂದ. ನಾ ಬಾಯಿ ಮುಚ್ಚಿಕೊಂಡ್ ಕೂಡ್ತೀನಿ.”

ಅಂಥ ಶಾಲೆಯೊಂದು ನನಗೆ ಗೊತ್ತಿತ್ತು. ಷಿಕಾಗೋದ ಹೊರವಲಯದಲ್ಲಿ, ನನ್ನೊಂದಿಗೆ ಎಂ.ಎಡ್. ಓದಿದ ಗೆಳತಿಯೊಬ್ಬಳು ಅಲ್ಲಿ ಗಣಿತ ಕಲಿಸುತ್ತಿದ್ದಳು. ಕೆಲವು ವರ್ಷಗಳಿಂದ ಅಲ್ಲಿ ಎಲ್ಲರಿಗೂ ಒಂದೇ ಬೀಜಗಣಿತ, ಬೇಕಾದವರಿಗೆ ಹೆಚ್ಚುವರಿ ಗಂಟೆ. ಅದರ ವಿವರಗಳನ್ನು ಮೇ ಸಭೆಯ ನನ್ನ ಭಾಷಣದಲ್ಲಿ ಕೊನೆಯ ಬಾಣವಾಗಿ ಇಟ್ಟುಕೊಂಡಿದ್ದೆ. ಅದನ್ನು ಎದುರಾಳಿಯ ಕೈಗೆ ಮೊದಲೇ ಕೊಡುವುದೇ? ತಟ್ಟೆಯ ಬೇವು ನಾಲಿಗೆಯ ಮೇಲಿರುವಾಗಲೇ ನಿರ್ಧರಿಸಿದೆ.

“ತೋರಿಸ್ತೀನಿ ಅಂಕಲ್. ನೀವೇ ಬಂದು ನೋಡಿ. ಆದ್ರೆ ಇನ್ನೊಬ್ಬರೂ ಬರ್ತಾರೆ.”

ಶಾಲಾ ಜಿಲ್ಲೆಯ ಮುಖ್ಯಾಧಿಕಾರಿ ಇದನ್ನು ಕೇಳಿ ತಲೆಗೆ ಕೈ ಹಚ್ಚಿದರು. ಪ್ರಸ್ತಾವಕ್ಕೆ ಅವರ ಬೆಂಬಲವಿತ್ತು. ನನ್ನ ದಾರಿಗೆ ಇರಲಿಲ್ಲ. “ನಮ್ಮ ಸಾಕ್ಷಿಯನ್ನು ವಿರೋಧಿಯ ಮುಂದೆ ಹರಡುತ್ತೀರಾ? ಅಲ್ಲಿ ಒಂದೇ ಒಂದು ಕೊರತೆ ಕಂಡರೂ ಮೇ ತಿಂಗಳಲ್ಲಿ ಅದನ್ನೇ ಹೇಳುತ್ತಾರೆ. ಆಗ ಎಲ್ಲ ಮುಗಿಯಿತು.” ಹೇಳಲಿ, ಎಂದೆ. ಕೊರತೆಯಿದ್ದರೆ ಮಕ್ಕಳನ್ನು ಅದರೊಳಕ್ಕೆ ದೂಡುವ ಮೊದಲು ನನಗೂ ಗೊತ್ತಾಗಬೇಕಿತ್ತು.

ಪ್ರವಾಸ ಖರ್ಚುಗಳನ್ನೆಲ್ಲ ಜಿಲ್ಲೆ ನಿಲ್ಲಿಸಿತ್ತು. “ಗಾಡಿ ಐತಿ, ಟೈಮ್ ಐತಿ, ಕೆಲಸ ಒಂದ ಇಲ್ಲ. ನಡೀರಿ,” ಎಂದು ಅಂಕಲ್ ತಮ್ಮ ಮಿನಿವ್ಯಾನ್ ಹೊರಡಿಸಿದರು. ಷಿಕಾಗೋ ಬಳಿಯ ಅರೋರಾದ ಬಾಲಾಜಿ ದರ್ಶನ ಮಾಡಿಸುವ ಷರತ್ತಿನ ಮೇಲೆ ಆಂಟಿ ಮುಂದಿನ ಸೀಟಿನಲ್ಲಿ, ಚಕ್ಕುಲಿಯ ಡಬ್ಬ ತೊಡೆಯ ಮೇಲೆ. ನಡುವಿನ ಸೀಟಿನಲ್ಲಿ ನಾನು ಮತ್ತು, ಆಸ್ಪತ್ರೆಗೆ ರಜೆ ಹಾಕಿ ಬಂದ, ಹುಡುಗಿಯ ತಾಯಿ. ಆ್ಯನ್ ಆರ್ಬರ್ ದಾಟುವವರೆಗೂ ಗಾಡಿಯಲ್ಲಿ ಚಕ್ಕುಲಿ ಮುರಿಯುವ ಸದ್ದು ಮಾತ್ರ.

ಆಮೇಲೆ ಅವರಿಬ್ಬರೂ ಶುರುಮಾಡಿದರು. ಇವರೊಂದು, ಅವರೊಂದು. ಸಭಾಂಗಣದಲ್ಲಿ ಆಡಿದ್ದ ಮಾತುಗಳೇ, ಮೈಕಿಲ್ಲದೆ. ಆಗ ನನಗೆ ಮೈಸೂರಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗಳಿಗೆ ತಯಾರು ಮಾಡುತ್ತಿದ್ದ ತರ್ಕಶಾಸ್ತ್ರದ ಮೇಷ್ಟ್ರು ನೆನಪಾದರು. ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತಕ್ಕೆ ಬಾಯಿ ತೆರೆಯಕೂಡದೆಂಬುದು ಅವರ ಕಟ್ಟುನಿಟ್ಟು. ಎದುರಿನವರ ವಾದವನ್ನು ನಾವು ಹೇಳಬೇಕು, ಎದುರಿನವರು ‘ಹೌದು, ಇದೇ ನನ್ನ ಮಾತು’ ಎಂದು ಒಪ್ಪಬೇಕು, ಆಮೇಲೆಯೇ ಖಂಡನೆ. ಸ್ಪರ್ಧೆಗಳಲ್ಲಿ ಅದಕ್ಕೆ ಅಂಕವಿರಲಿಲ್ಲ. ಆದರೆ ಆ ಗಾಡಿಯಲ್ಲಿ ಅಂಕ ಕೊಡುವವರೂ ಇರಲಿಲ್ಲ. ನಾನು ನಿಯಮವನ್ನು ವಿವರಿಸಿ, ಮೊದಲು ಅಂಕಲ್ ಹೇಳಲಿ ಎಂದೆ.

“ಈಕೆಗೆ ಮಗಳು ಬೀಜಗಣಿತದಲ್ಲಿ ಕೂರಬೇಕು. ಅಷ್ಟೇ,” ಎಂದರು ಅಂಕಲ್ ಇಂಗ್ಲಿಷಿನಲ್ಲಿ.

“ಅಲ್ಲ,” ಎಂದರು ತಾಯಿ.

“ಎಲ್ಲ ಮಕ್ಕಳೂ ಸಮಾನರು, ಎಲ್ಲರಿಗೂ ಒಂದೇ...”

“ಅದು ಈ ಮಿಸ್‌ದು. ನನ್ನದಲ್ಲ.”

ಆಂಟಿಗೆ ನಗು ತಡೆಯಲಿಲ್ಲ. ನನಗೂ. ಅಂಕಲ್ ಇನ್ನೂ ಒಂದೆರಡು ಬಾರಿ ಯತ್ನಿಸಿ ಸೋತರು. ರಸ್ತೆಯ ಅಂಚಿನಲ್ಲಿ ಹಳೆಯ ಹಿಮ ಕೊಳಕಾಗಿ ಕರಗುತ್ತಿತ್ತು. ಬ್ಯಾಟಲ್ ಕ್ರೀಕ್ ದಾಟಿದ ಮೇಲೆ, ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ನಿಧಾನವಾಗಿ ಹೇಳಿದರು: “ನಿಮ್ಮ ಮಗಳು ಪರೀಕ್ಷೆಯಲ್ಲಿ ಸೋತಿದ್ರೆ ನೀವು ಒಪ್ಕೊಳ್ತಿದ್ರಿ. ಅವಳಿಗೆ ಯಾರೂ ಪರೀಕ್ಷೆ ಕೊಡಲೇ ಇಲ್ಲ. ಅವಳನ್ನು ಕೇಳದೆ ಅವಳ ಉತ್ತರ ಬರೆದುಬಿಟ್ರು. ಅದೂ ತಪ್ಪು ಉತ್ತರ.”

ತಾಯಿ ಕಿಟಕಿಯಾಚೆ ನೋಡಿದರು. “ಹೌದು,” ಎಂದರು. “ಅದೇ.”

ಈಗ ಅವರ ಸರದಿ. ಅವರು ಬಹಳ ಹೊತ್ತು ಯೋಚಿಸಲಿಲ್ಲ.

“ನೀವು ಈ ದೇಶಕ್ಕೆ ಬರುವಾಗ ಕೈಯಲ್ಲಿದ್ದದ್ದು ಗಣಿತ ಒಂದೇ. ಅಪ್ಪನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ, ನಿಮ್ಮ ಮಾತಿನ ಧಾಟಿಗೆ ಜನ ನಗ್ತಾರೆ. ಲೆಕ್ಕಕ್ಕೆ ಮಾತ್ರ ಯಾರೂ ನಗಲಿಲ್ಲ. ಆಮೇಲೆ ಲೆಕ್ಕ ಗೊತ್ತಿದ್ದರೂ ಕುರ್ಚಿ ಹೋಯ್ತು. ಇನ್ನು ಮಗನಿಗೆ ಕೊಡೋಕೆ ಉಳಿದಿರೋದು ಅದೊಂದೇ. ಅದಕ್ಕೂ ನೀರು ಬೆರೆಸ್ತಾರೆ ಅಂತ ನಿಮಗೆ ಭಯ.”

ಗಾಡಿ ನೇರ ಹೋಗುತ್ತಲೇ ಇತ್ತು.

“ಎಕ್ಸಿಟ್ ಹೋತ್ರೀ!” ಎಂದು ಆಂಟಿ ಕೂಗಿದರು. “ಪೆಟ್ರೋಲ್ ಹಾಕ್ಸಬೇಕಿತ್ತಲ್ಲ!”

“ಹೋಗ್ಲಿ ಬಿಡ,” ಎಂದರು ಅಂಕಲ್. ಆಮೇಲೆ ಇಂಗ್ಲಿಷಿನಲ್ಲಿ, ರಸ್ತೆಯನ್ನೇ ನೋಡುತ್ತ, “ಯೆಸ್ ಮೇಡಂ. ಅದೇ ನನ್ನ ವಾದ.”

ಆ ರಾತ್ರಿ ಪ್ಲೇನ್‌ಫೀಲ್ಡ್‌ನಲ್ಲಿ ಆಂಟಿಯ ನೆಂಟರ ಮನೆಯಲ್ಲಿ ತಂಗಿ, ಮರುದಿನ ಶಾಲೆಗೆ ಹೋದೆವು. ಗೆಳತಿ ನಮ್ಮನ್ನು ತನ್ನ ಬೀಜಗಣಿತದ ತರಗತಿಯ ಹಿಂದಿನ ಸಾಲಿನಲ್ಲಿ ಕೂರಿಸಿದಳು. ಎಲ್ಲ ಬಣ್ಣದ ಮಕ್ಕಳೂ ಬೆರೆತಿದ್ದರು. ಅಂದಿನ ಪಾಠ ಎರಡು ಅವ್ಯಕ್ತಗಳ ಸಮೀಕರಣ. ಅಂಕಲ್ ಮುಂದಕ್ಕೆ ಬಾಗಿ, ಪಗಡೆ ನೋಡುವವರಂತೆ ನೋಡುತ್ತಿದ್ದರು. ಕೆಲವು ಮಕ್ಕಳು ಗೆಳತಿ ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುತ್ತಿದ್ದರು. ಅವರಲ್ಲೊಬ್ಬಳು, ಜಡೆಗಳಿಗೆ ಮಣಿ ಕಟ್ಟಿಕೊಂಡಿದ್ದ ಕಪ್ಪು ಹುಡುಗಿ, ಬೋರ್ಡಿನ ಮೇಲೆ ಗೆಳತಿಯೇ ಬೇಕೆಂದು ಬಿಟ್ಟಿದ್ದ ತಪ್ಪೊಂದನ್ನು ಹಿಡಿದಳು.

“ನೋಡ ತಂಗಿ,” ಎಂದು ಅಂಕಲ್ ಪಿಸುಗುಟ್ಟಿದರು, “ಆ ನಾಲ್ಕೈದು ಮಂದಿ ಶಾಣ್ಯಾ ಅದಾರ. ಇವ್ರು ಈ ಕ್ಲಾಸ್‌ನ್ಯಾಗ ಯಾಕ? ಮ್ಯಾಲಿನದಕ್ಕ ಹೋಗಬೇಕು. ಇದ ನಾ ಹೇಳೂದು.” ಮುಖ್ಯಾಧಿಕಾರಿ ಹೇಳಿದ್ದ ಕೊರತೆ ಇದೇ ಇರಬಹುದೇ?

ದಿನದ ಕೊನೆಯ ಗಂಟೆಗೆ ಗೆಳತಿ ನಮ್ಮನ್ನು ಹೆಚ್ಚುವರಿ ಪಾಠದ ಕೋಣೆಗೆ ಕರೆದೊಯ್ದಳು. ಹಿಂದುಳಿದವರಿಗೆಂದು ಇರುವ ಗಂಟೆ. ಬಾಗಿಲು ತೆರೆಯಿತು, ಮಕ್ಕಳು ಬರತೊಡಗಿದರು. ಮೊದಲು ಬಂದವಳೇ ಮಣಿಯ ಜಡೆಯ ಹುಡುಗಿ. ಅವಳ ಹಿಂದೆ, ಅಂಕಲ್ ಬೆಳಗ್ಗೆ ಬೆರಳು ಮಾಡಿ ತೋರಿಸಿದ್ದ ಉಳಿದವರು.

“ಇವ್ರು ಇಲ್ಲಿ ಯಾಕ?” ಎಂದು ಅಂಕಲ್ ಜೋರಾಗಿಯೇ ಕೇಳಿದರು.

ಗೆಳತಿ ಬೋರ್ಡಿನ ಮೇಲೆ ಪಾಠದ ತಲೆಬರಹ ಬರೆದಳು. ಅದು ಅಂದಿನ ಪಾಠವಾಗಿರಲಿಲ್ಲ; ಮರುದಿನ ದೊಡ್ಡ ತರಗತಿಯಲ್ಲಿ ಬರಲಿದ್ದ ಪಾಠ. ಹೆಚ್ಚುವರಿ ಗಂಟೆಯೆಂದರೆ ನಿನ್ನೆಯದನ್ನು ರಿಪೇರಿ ಮಾಡುವ ಗಂಟೆಯೆಂದೇ ನಾನೂ ನಂಬಿದ್ದೆ. ಫೋನಿನಲ್ಲಿ ಅದನ್ನು ವಿಚಾರಿಸಿರಲಿಲ್ಲ. ಇಲ್ಲಿ ಮಕ್ಕಳು ನಾಳೆಯದನ್ನು ಇಂದೇ ನೋಡುತ್ತಿದ್ದರು. ಕೆಲವರೇ ಇರುವ ಕೋಣೆಯಲ್ಲಿ, ನಾಚಿಕೆಯಿಲ್ಲದೆ ತಪ್ಪು ಮಾಡುತ್ತ, ಗಲಾಟೆ ಮಾಡುತ್ತ. ಮರುದಿನ ಅದೇ ಪ್ರಶ್ನೆ ಎಲ್ಲರೆದುರು ಬಂದಾಗ ಮೊದಲು ಮೇಲೇಳುವ ಕೈ ಅವರದು. ಹಾಗೆ ಕೆಲವು ವಾರ ಕೈ ಎತ್ತಿದ ಮಗುವನ್ನು ಎಲ್ಲರೂ ಚುರುಕೆನ್ನುತ್ತಾರೆ. ಮಗುವೂ ಅದನ್ನು ನಂಬುತ್ತದೆ.

ಅಂಕಲ್ ಬಾಗಿಲ ಬಳಿಯ ಪುಟ್ಟ ಕುರ್ಚಿಯಲ್ಲಿ ಕುಳಿತುಬಿಟ್ಟರು.

“ಇದು ನನ್ನ ಬೇಸ್‌ಮೆಂಟ್ ಐತಲ್ಲ,” ಎಂದರು. ಆಂಟಿಗೆ ಹೇಳಿದರೋ ತಮಗೇ ಹೇಳಿಕೊಂಡರೋ. “ನಾ ಭಾನುವಾರ ಮಾಡೂದೂ ಇದ. ಮುಂದಿನ ವಾರದ ಪಾಠ ಮೊದ್ಲ ಹೇಳ್ತೀನಿ. ಸಾಲ್ಯಾಗ ಹೋಗಿ ನಮ್ಮ ಹುಡುಗ್ರು ಟಕ್ ಅಂತ ಕೈ ಎತ್ತತಾರ. ನಾ ತಿಳ್ಕೊಂಡಿದ್ದೆ, ನಮ್ಮ ರಕ್ತದಾಗ ಲೆಕ್ಕ ಐತಿ ಅಂತ.”

“ಏನಂದ್ರು?” ಎಂದು ತಾಯಿ ನನ್ನ ತೋಳು ಹಿಡಿದು ಕೇಳಿದರು. ನಾನು ಒಂದು ಪದವನ್ನೂ ಬಿಡದೆ ಅನುವಾದಿಸಿದೆ.

ಅವರು ಅಂಕಲ್ ಮುಂದೆ ಹೋಗಿ ನಿಂತರು. “ಅಂದ್ರೆ ಇಷ್ಟು ವರ್ಷ ನೀವು ನಿಮ್ಮ ಮನೆಯ ಕೆಳಗೆ ಪಬ್ಲಿಕ್ ಸ್ಕೂಲ್ ನಡೆಸ್ತಾ ಇದ್ರಿ ಸರ್. ಪಬ್ಲಿಕ್‌ಗೆ ಮಾತ್ರ ಹೇಳಿರಲಿಲ್ಲ.”

ಅಂಕಲ್ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಉತ್ಸಾಹದಿಂದ, ತಮ್ಮ ಭಾನುವಾರದ ತರಗತಿಗೆ ಅವರ ಮಗಳೂ ಬರಲಿ, ಎಲ್ಲರೂ ಬರಲಿ, ಎಂದರು.

ತಾಯಿ ಬೇಡವೆಂದು ತಲೆಯಾಡಿಸಿದರು. “ದೊಡ್ಡ ಮನಸ್ಸು. ಆದ್ರೆ ನಿಮ್ಮ ಮನೆಗೆ ನನ್ನ ಮಗಳನ್ನ ಯಾರಾದ್ರೂ ಗಾಡೀಲಿ ಕರ್ಕೊಂಡು ಬರಬೇಕು. ನಿಮ್ಮ ಹೆಂಡ್ತಿಗೆ ಆ ದಿನ ನೆಂಟರು ಇರಬಾರದು. ನೀವು ಊರಲ್ಲಿ ಇರಬೇಕು. ಶಾಲೆ ಆಗಲೇ ಅಲ್ಲಿದೆ, ಬಸ್ಸೂ ಹೋಗುತ್ತೆ. ಉಪಕಾರ ಬೇಡ ಸರ್. ಟೈಮ್‌ಟೇಬಲ್‌ನಲ್ಲಿ ಹಾಕಿಸಿ.”

ಆ ಸಂಜೆ ಅರೋರಾದ ದೇವಸ್ಥಾನದಲ್ಲಿ ಆಂಟಿ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. ಅಂಕಲ್ ಮಾತ್ರ ಪ್ರಸಾದದ ಪುಳಿಯೋಗರೆ ತಿನ್ನುತ್ತ, ಕಾಗದದ ತಟ್ಟೆಯ ಹಿಂಬದಿಯಲ್ಲಿ ಆಗಲೇ ನಮ್ಮ ಶಾಲೆಯ ವೇಳಾಪಟ್ಟಿ ಎಳೆಯುತ್ತಿದ್ದರು.

ಊರಿಗೆ ಮರಳಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ನನ್ನ ಹಳೆಯ ಪ್ರಸ್ತಾವ ರಿಪೇರಿಯ ಗಂಟೆಯ ಮೇಲೆ ನಿಂತಿತ್ತು. ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕಾಯಿತು. ನಾಳೆಯ ಪಾಠ ಇಂದಾಗಬೇಕೆಂದರೆ ಹೆಚ್ಚುವರಿ ಗಂಟೆ ದಿನದ ಕೊನೆಗೇ ಬರಬೇಕು. ಆದರೆ ಒಂಬತ್ತನೆಯ ತರಗತಿಯ ಬ್ಯಾಂಡ್ ಅಭ್ಯಾಸ ಅದೇ ಗಂಟೆಗೆ. ಗಣಿತ ಬೇಕೆಂದವರು ಕಹಳೆ ಬಿಡಬೇಕೆಂದರೆ ಅದೂ ಇನ್ನೊಂದು ಕೊನೆಯ ಕೋಣೆಯೇ. ಬ್ಯಾಂಡ್ ಅಧ್ಯಾಪಕಿ ಒಪ್ಪಲಿಲ್ಲ, ಒಪ್ಪಲೂ ಬಾರದಿತ್ತು. ಅಂಕಲ್ ಶಾಲೆಗೆ ಬಂದು, ಸಭಾ ಕೊಠಡಿಯ ಗೋಡೆಯ ತುಂಬ ಬಣ್ಣದ ಚೀಟಿ ಅಂಟಿಸಿ, ಆಕೆಯೊಂದಿಗೆ ಕುಳಿತು ಒಂದೊಂದನ್ನೇ ಸರಿಸಿದರು. ಕಾರ್ಖಾನೆಯಲ್ಲಿ ಒಂದು ಯಂತ್ರಕ್ಕೆ ಎರಡು ಕೆಲಸ ಬಂದರೆ ಊಟದ ವಿರಾಮ ಸರಿಸುತ್ತಿದ್ದರಂತೆ. ಒಂಬತ್ತನೆಯವರ ಊಟವನ್ನು ಮೊದಲಿನ ಗಂಟೆಗೆ ತಂದಾಗ ಬ್ಯಾಂಡ್‌ಗೆ ಮಧ್ಯಾಹ್ನ ಜಾಗ ಸಿಕ್ಕಿತು.

ಇನ್ನುಳಿದವರು ಒಬ್ಬರೇ, ಬೀಜಗಣಿತದ ಹಿರಿಯ ಅಧ್ಯಾಪಕರು. ನಿವೃತ್ತಿಗೆ ಹತ್ತಿರವಿದ್ದ ಬಿಳಿಯರು, ಸುಧಾರಣೆಗಳೆಂದು ಬಂದುಹೋದವನ್ನು ಸಾಕಷ್ಟು ನೋಡಿದವರು. “ನಾಳೆಯ ಪಾಠ ಇವತ್ತೇ ಹೇಳಿದ್ರೆ ನಾಳೆ ನಾನು ಏನು ಮಾಡಲಿ?” ಎಂದು ಕೇಳಿದರು. ಮಕ್ಕಳು ಹೇಳುತ್ತಾರೆ, ನೀವು ಕೇಳಬಹುದು, ಎಂದೆ. ಅವರು ಎರಡು ದಿನ ಯೋಚಿಸಿ ಒಂದು ಷರತ್ತು ಹಾಕಿದರು: ಆ ಗಂಟೆಯ ಬಾಗಿಲು ಬೇಕೆಂದವರಿಗೆಲ್ಲ ತೆರೆದಿರಬೇಕು, ಯಾರನ್ನೂ ಹೆಸರು ಕರೆದು ಕಳುಹಿಸಬಾರದು. ನನ್ನ ಪ್ರಸ್ತಾವದಲ್ಲಿ ಇರದಿದ್ದ, ಇರಲೇಬೇಕಾಗಿದ್ದ ಸಾಲು ಅದು.

ಮೇ ಸಭೆಯಲ್ಲಿ ಸಭಾಂಗಣ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಪ್ರಸ್ತಾವದ ಪರವಾಗಿ ಮೂವರಿಗೆ ಅವಕಾಶ. ಕೊನೆಯದು, ಉಪಸಂಹಾರದ್ದು, ನನ್ನದು. ಮೊದಲು ಹುಡುಗಿಯ ತಾಯಿ ಎದ್ದು, ವಿರೋಧಿಸುವ ಪೋಷಕರ ಭಯವನ್ನು ಅವರಿಗಿಂತ ಸ್ಪಷ್ಟವಾಗಿ ಹೇಳಿದರು. ಹಿಂದಿನ ಸಾಲುಗಳಲ್ಲಿ ಕಟ್ಟಿದ್ದ ಕೈಗಳು ಸಡಿಲವಾಗುವುದನ್ನು ಈ ಬಾರಿ ನಾನು ನೋಡಿದೆ. ಆಮೇಲೆ ಅಂಕಲ್. ಮಾರ್ಚ್‌ನಲ್ಲಿ ನಿಂತಿದ್ದ ಮೈಕಿನ ಮುಂದೆಯೇ ನಿಂತು, ಕೇಳದೆಯೇ ಉತ್ತರ ಬರೆಸಿಕೊಂಡ ಮಗುವಿನ ಕಥೆ ಹೇಳಿದರು. ತಮ್ಮ ಬೇಸ್‌ಮೆಂಟಿನ ಗುಟ್ಟನ್ನೂ ಹೇಳಿದರು. “ನಮ್ಮ ಮಕ್ಕಳು ಬುದ್ಧಿವಂತರು ಎಂದು ನಾನು ಈ ಸಭೆಗೆ ಹೇಳಿದ್ದೆ. ಈಗಲೂ ಹೇಳುತ್ತೇನೆ. ಅದರ ಜೊತೆ ಅವರಿಗೆ ಪಾಠ ಒಂದು ವಾರ ಮೊದಲೇ ಸಿಗುತ್ತಿತ್ತು. ಉಳಿದವರಿಗೆ ಒಂದು ದಿನ ಮೊದಲು ಸಿಗಲಿ; ಆಮೇಲೆ ಯಾರು ಓಡುತ್ತಾರೆ ನೋಡೋಣ.”

ಸಭಾಧ್ಯಕ್ಷೆ ನನ್ನ ಹೆಸರು ಕರೆದರು. ಕೈಯಲ್ಲಿ ತಿದ್ದಿ ತೀಡಿದ ಭಾಷಣವಿತ್ತು. ಇನ್ನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ನನ್ನ ಸಮಯವನ್ನು ಬಿಟ್ಟುಕೊಡುತ್ತೇನೆಂದು ಕುಳಿತಲ್ಲಿಂದಲೇ ಹೇಳಿದೆ. ಗೆಲ್ಲಬಲ್ಲ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕೂರುವುದಕ್ಕೆ ಯಾವ ಕಾಲೇಜಿನಲ್ಲೂ ತರಬೇತಿಯಿಲ್ಲ.

ಮಾರ್ಚ್‌ನಲ್ಲಿ ಮುಂದೂಡಿಕೆ ಸೂಚಿಸಿದ್ದ ಸದಸ್ಯರೊಬ್ಬರು ಒಂದು ಪ್ರಶ್ನೆ ಕೇಳಿದರು: ಇದು ವಿಫಲವಾದರೆ? ತಾಯಿ ತಮ್ಮ ಕುರ್ಚಿಯಿಂದಲೇ ಉತ್ತರಿಸಿದರು. “ಈಗಿರೋದು ವಿಫಲವಾಗಿ ಎಷ್ಟೋ ವರ್ಷ ಆಯ್ತು ಸರ್. ಅದರ ಬಗ್ಗೆ ಈ ಪ್ರಶ್ನೆ ಯಾವಾಗ ಕೇಳಿದ್ರಿ?” ಸದಸ್ಯರು ಕನ್ನಡಕ ಕೆಳಗಿಟ್ಟರು. ಒಂದೇ ಮತದ ಅಂತರದಲ್ಲಿ ಪ್ರಸ್ತಾವ ಗೆದ್ದಿತು. ಆ ಒಂದು ಮತ ಅವರದೇ.

ಸೆಪ್ಟೆಂಬರ್‌ನಲ್ಲಿ ಬಾಯ್ಲರ್ ಕೋಣೆಯ ಪಕ್ಕದ ಕೊಠಡಿಗೆ ಬ್ಯಾಂಡ್‌ನ ಡೋಲುಗಳು ಹೋದವು. ಕೊನೆಯ ಗಂಟೆಯ ಪಾಠಕ್ಕೆ ಮೊದಲ ವಾರ ಬಂದವರು ಬೆರಳೆಣಿಕೆ; ಅಕ್ಟೋಬರ್ ಮುಗಿಯುವ ಹೊತ್ತಿಗೆ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ತರಬೇಕಾಯಿತು. ಹುಡುಗಿ ತಪ್ಪದೆ ಬರುತ್ತಿದ್ದಳು. ಅಂಕಲ್ ಮಗನೂ ಬರುತ್ತಿದ್ದ; ಅವರಿಬ್ಬರ ಜಗಳ ಹಿರಿಯ ಅಧ್ಯಾಪಕರ ದಿನದ ಮನರಂಜನೆ.

“ಯು ಸ್ಕಿಪ್ಡ್ ಎ ಸ್ಟೆಪ್,” ಎಂದು ಅವಳು.

“ಐ ಡೋಂಟ್ ನೀಡ್ ದಟ್ ಸ್ಟೆಪ್,” ಎಂದು ಅವನು.

“ದೆನ್ ವೈ ಈಸ್ ಯುವರ್ ಆನ್ಸರ್ ನೆಗೆಟಿವ್?”

ಅರ್ಧವಾರ್ಷಿಕ ಪರೀಕ್ಷೆಗೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ; ಹಿಂದಿನ ವರ್ಷಗಳಲ್ಲಿ ಬೀಜಗಣಿತಕ್ಕೆ ಕೊಡುತ್ತಿದ್ದಷ್ಟೇ ಕಠಿಣ. ಹಿರಿಯ ಅಧ್ಯಾಪಕರು ಹೆಸರಿದ್ದ ಮೂಲೆಗಳನ್ನು ಮಡಚಿಟ್ಟು ಅಂಕ ಹಾಕಿದರು. ಎಲ್ಲರೂ ತೇರ್ಗಡೆಯಾಗಲಿಲ್ಲ, ಹಾಗೆ ಬರೆದರೆ ಸುಳ್ಳಾಗುತ್ತದೆ. ಆದರೆ ಅವರು ನನ್ನ ಕಚೇರಿಯವರೆಗೆ ನಡೆದು ಬಂದು, ಬಾಗಿಲಲ್ಲಿ ನಿಂತು ಹೇಳಿದರು: “ಹಳೆಯ ಲೆಕ್ಕದಲ್ಲಿ ಯಾರು ಯಾವ ಕೋಣೆಗೆ ಹೋಗ್ತಿದ್ರು ಅಂತ ಉತ್ತರಗಳನ್ನು ನೋಡಿ ಊಹಿಸೋಕೆ ಹೊರಟೆ. ಆಗಲಿಲ್ಲ. ಈ ವಯಸ್ಸಿನಲ್ಲಿ ತಪ್ಪು ಊಹೆ ಮಾಡಿ ಇಷ್ಟು ಖುಷಿಯಾದದ್ದು ಇದೇ ಮೊದಲು.” ಹುಡುಗಿ ಹೆಚ್ಚು ಅಂಕ ಪಡೆದವರ ಮೊದಲ ಸಾಲಿನಲ್ಲಿದ್ದಳು. ಅವಳ ತಾಯಿಗೆ ಫೋನ್ ಮಾಡಿದಾಗ ಅವರು ಆಸ್ಪತ್ರೆಯ ಹಜಾರದಲ್ಲಿ ಯಾರಿಗೋ “ನನ್ನ ಮಗಳು!” ಎಂದು ಕೂಗುವುದು ಕೇಳಿಸಿತು.

ಜನವರಿಯಲ್ಲಿ ಅಂಕಲ್‌ಗೆ ಕೆಲಸ ಸಿಕ್ಕಿತು, ಷಿಕಾಗೋ ಕಡೆ. ಆಂಟಿ ಅತ್ತು, ಪಾತ್ರೆ ಕಟ್ಟಿ, ಹೊರಟರು. ಫೆಬ್ರವರಿಯ ಒಂದು ಮಧ್ಯಾಹ್ನ ಅಂಕಲ್ ಫೋನ್ ಬಂತು.

“ತಂಗಿ, ಇಲ್ಲಿ ನನ್ನ ಮಗನ್ನ ಎಲ್ಲಿ ಕೂಡಿಸಿದ್ರು ಗೊತ್ತೇನ? ನಡುವರ್ಷ ಬಂದಾನ, ಶಿಫಾರಸು ಇಲ್ಲ ಅಂತ ತಳದ ಗಣಿತಕ್ಕ ಹಾಕಿದ್ರು. ನನ್ನ ಮಗನ್ನ!”

“ಅಯ್ಯೋ, ಕೌನ್ಸಿಲರ್‌ಗೆ ಫೋನ್ ಮಾಡಿದ್ರಾ ಅಂಕಲ್?”

“ಮಾಡಿದೆ. ಅವತ್ತ ಬದಲಿ ಮಾಡಿಕೊಟ್ರು. ಅದಲ್ಲ. ಅವನ್ನ ಕರಕೊಂಡ್ ಬರಾಕ ಆ ಕೋಣಿಗೆ ಹೋಗಿದ್ದೆ. ಉಳಿದ ಹುಡುಗ್ರು ಅಲ್ಲೇ ಕುಂತಾರ. ಎಲ್ಲಾರೂ ನನ್ನ ಕಡೆ ನೋಡಿದ್ರು.” ಫೋನಿನಲ್ಲಿ ಕಾಗದ ಮಗುಚುವ ಸದ್ದು ಕೇಳಿತು. “ಮುಂದಿನ ತಿಂಗಳ ಇಲ್ಲಿನ ಮಂಡಳಿ ಸಭಾ ಐತಿ. ಮಾತಾಡಾಕ ಹೆಸರು ಕೊಟ್ಟೀನಿ.”

“ನಾನು ಬರ್ತೀನಿ ಅಂಕಲ್. ಮಾತಾಡ್ತೀನಿ.”

“ಬ್ಯಾಡವಾ. ನೀ ಬಂದ್ರ ಮಂದಿ ಚಪ್ಪಾಳಿ ಹೊಡೀತಾರ. ಆ ಹುಡುಗಿ ಅವ್ವ ಬಂದ್ರ ಕೋಣಿ ಮುಚ್ಚತೈತಿ. ಆಕಿ ನಂಬರ್ ಕಳಸು.”

ಕಳುಹಿಸಿದೆ. ಅರ್ಧ ಗಂಟೆಯೊಳಗೆ ಹುಡುಗಿಯ ತಾಯಿಯೇ ನನಗೆ ಫೋನ್ ಮಾಡಿದರು.

“ಮಿಸ್, ಮುಂದಿನ ತಿಂಗಳು ಎರಡು ದಿನ ರಜೆ ಹಾಕಿದೀನಿ. ನೀವು ಡ್ರೈವ್ ಮಾಡಿ, ನಾನು ಮಾತಾಡ್ತೀನಿ.”

ನಾನು ಡ್ರೈವ್ ಮಾಡಿದೆ.